ಕೂಗದ ತೂಕ

"ಐವತ್ತು! ಚೀಲ ಕಳೆದು ನಲವತ್ತೊಂಬತ್ತು!"

ತೂಕದ ಯಂತ್ರದ ಮೇಲೆ ನಿಂತಿದ್ದ ಕೃತಿಕಾ ಬೆಚ್ಚಿಬಿದ್ದಳು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು.

ಕೂಗಿದವನು ಎರಡನೇ ವರ್ಷದ ಶಶಿಕಿರಣ್. ಚಿಕ್ಕಮಗಳೂರಿನಲ್ಲಿ ಬೆಳೆಗಾರರಿಂದ ಕಾಫಿ ಕೊಳ್ಳುವ ಡಿಪೋ ಇಟ್ಟಿದ್ದ ಶಾಂತವೀರಪ್ಪನವರ ಮಗ. ಮೂಟೆ ತೂಗುವಾಗ ಅಪ್ಪ ಕೂಗುವ ದನಿಯನ್ನು ಕೊನೆಯ ಕೆಮ್ಮಿನ ಸಮೇತ ಇಳಿಸಿಬಿಟ್ಟಿದ್ದ!

"ಚೀಲ ಅಂದ್ರೆ ಎಂತದು ಮಾರಾಯ? ನನ್ನ ಚೂಡಿದಾರನಾ?"

"ಹೌದು ಮಾರಾಯ್ತಿ. ದುಪಟ್ಟಾ ಲೆಕ್ಕಕ್ಕೆ ಇನ್ನೊಂದಿಷ್ಟು ಬಿಡ್ಲಾ?"

"ಬಿಡು. ನಿನ್ನ ತೂಗುವಾಗ ತಲೆ ಕಳಿ. ಅದೊಂದು ಖಾಲಿ ಚೀಲ!"

ಈ ಸಲ ಅವನೂ ನಕ್ಕ. ಆ ನಗು ಅವಳೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು...

ಅದು ಎರಡು ಸಾವಿರದ ಒಂದನೇ ಇಸವಿಯ ಜುಲೈ. ಮನೆ ಬಿಟ್ಟು ಕಾಲೇಜಿಗೆ ಬಂದ ಮಕ್ಕಳ ಮೈತೂಕ ಹೇಗೆ ಏರಿಳಿಯುತ್ತದೆ, ಕೊಬ್ಬು ಎಲ್ಲಿ ಸೇರುತ್ತದೆ ಎಂದು ನೋಡುವ ಹುಕಿ ದೈಹಿಕ ಶಿಕ್ಷಣದ ಓಂಕಾರಮೂರ್ತಿ ಮೇಷ್ಟ್ರಿಗೆ ಹತ್ತಿತ್ತು. ವರ್ಷದಲ್ಲಿ ಮೂರು ಸಲ ತೂಕ. ಕೂಗಲು ಶಶಿಯ ಗಂಟಲಿಗಿಂತ ಒಳ್ಳೆಯದು ಎಲ್ಲಿ ಸಿಕ್ಕೀತು?

ಕಳಸದಲ್ಲಿ ಗುಡ್ಡ ಹತ್ತಿಳಿದು ಶಾಲೆಗೆ ಹೋಗುತ್ತಿದ್ದ ಕೃತಿಕಾಳಿಗೆ ಈ ಚಿಕ್ಕಮಗಳೂರಿನಲ್ಲಿ ಹತ್ತಲು ಸಿಕ್ಕಿದ್ದು ಬೇಕರಿಯ ಮೆಟ್ಟಿಲು ಮಾತ್ರ. ಸಂಜೆಯಾದರೆ ಬೆಣ್ಣೆ ಬನ್, ಎದುರಿಗೆ ಶಶಿ. "ಯಾರವ್ವಾ ಅದು, ಮೂರ್ನೇ ಸಲ ಅನ್ನಕ್ಕೆ ಬಂದೋಳು?" ಎಂದು ಹಾಸ್ಟೆಲಿನ ಅಡುಗೆಯ ರಂಗಮ್ಮನ ದನಿಯಲ್ಲಿ ಅವನು ಗದರಿದರೆ, ಅವಳು ನಕ್ಕು ನಕ್ಕು ಇನ್ನೊಂದು ಬನ್ ಮುಗಿಸುತ್ತಿದ್ದಳು.

ಮನಸ್ಸು ಹಗುರಾದಷ್ಟೂ ಚೂಡಿದಾರದ ಹೊಲಿಗೆ ಬಿಗಿಯಾಯಿತು.

ದೀಪಾವಳಿ ರಜೆ ಮುಗಿದ ಮೇಲೆ ಎರಡನೇ ತೂಕ. ಎಲ್ಲರದ್ದನ್ನೂ ಶಶಿ ರಾಗವಾಗಿ ಕೂಗುತ್ತಿದ್ದ. ಕೃತಿಕಾ ಎದುರುತ್ತರ ಸಿದ್ಧ ಮಾಡಿಕೊಂಡೇ ಹತ್ತಿದಳು.

ಮುಳ್ಳು ನಿಂತಿತು. ಶಶಿ ಮುಳ್ಳನ್ನು ನೋಡಿದ. ಅವಳನ್ನು ನೋಡಿದ...

ಕೂಗಲೇ ಇಲ್ಲ!

ಮೇಷ್ಟ್ರ ಕಿವಿಯಲ್ಲಿ ಮೆಲ್ಲಗೆ ಏನೋ ಹೇಳಿ, "ಇಳಿ," ಎಂದ.

ಕಾಫಿ ಬೆಳೆಗಾರನ ಮಗಳಾದ ಅವಳಿಗೆ ಆ ಮೌನದ ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಫಿ ಹಸಿಯಿದ್ದರೆ, ಹುಳ ಬಿದ್ದಿದ್ದರೆ ಡಿಪೋದವರು ತೂಕ ಕೂಗುವುದಿಲ್ಲ, ಮೂಟೆಯನ್ನು ಸುಮ್ಮನೆ ಬದಿಗೆ ನೂಕುತ್ತಾರೆ. ಆಗ ಅಪ್ಪನ ಮುಖ ಚಿಕ್ಕದಾಗುವುದನ್ನು ಅವಳು ಎಷ್ಟು ಸಲ ಕಂಡಿರಲಿಲ್ಲ!

'ನಾನೀಗ ಬೇಡವಾದ ಮೂಟೆ... ಅಷ್ಟೇ!'

ಬೇಕರಿಯ ದಾರಿ ಬಿಟ್ಟಳು. ಶಶಿ ಎದುರಾದರೆ ಓದುವುದಿದೆ ಎಂದು ತಿರುಗಿದಳು. ರಾತ್ರಿಯೂಟ ಬಿಟ್ಟಳು. ಚೂಡಿದಾರ ಸಡಿಲವಾಯಿತು, ಸಮಾಧಾನ ಮಾತ್ರ ಆಗಲಿಲ್ಲ. ಕನ್ನಡಿಯ ಮುಂದೆ ನಿಲ್ಲುವುದು, ಸರಿಯುವುದು, ಮತ್ತೆ ಬಂದು ನಿಲ್ಲುವುದು...

ಒಂದು ಬೆಳಿಗ್ಗೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟಿತು. ಹಿಡಿದುಕೊಂಡವಳು ರಂಗಮ್ಮ.

"ಹಿಂಗೇ ಅನ್ನ ಬಿಡು. ಜೋರು ಗಾಳಿ ಬಂದ್ರೆ ಕಳಸಕ್ಕೆ ಬಸ್ ಚಾರ್ಜೇ ಬೇಡ ನಿಂಗೆ!"

ಮೂರನೇ ತೂಕ ಹತ್ತಿರ ಬಂತು. ಇನ್ನೊಮ್ಮೆ ಅವನೆದುರು ಆ ಯಂತ್ರ ಹತ್ತುವುದೇ? ಕಾಫಿ ಮಾರಲು ಜೀಪಿನಲ್ಲಿ ಬಂದ ಅಪ್ಪ ತಿಮ್ಮಪ್ಪನಿಗೆ ಹೇಳಿಯೇಬಿಟ್ಟಳು. "ನಂಗೆ ಕಾಲೇಜು ಬೇಡ ಅಪ್ಪಾ. ಮನೆಗೆ ಕರ್ಕೊಂಡು ಹೋಗು."

ತಿಮ್ಮಪ್ಪ ಮಗಳ ಬತ್ತಿದ ಕೆನ್ನೆ ನೋಡಿದ. ಏನೂ ಕೇಳದೆ ಟ್ರಂಕು ಜೀಪಿಗೇರಿಸಿದ. "ಕಾಫಿ ಹಾಕಿ ಹೋಗುವ. ಈ ಸಲ ಹೊಸ ಡಿಪೋ."

ಜೀಪು ನಿಂತದ್ದು ಶಾಂತವೀರಪ್ಪನವರ ಬಾಗಿಲಿಗೇ!

"ಐವತ್ತು! ಚೀಲ ಕಳೆದು ನಲವತ್ತೊಂಬತ್ತು!" ಅದೇ ರಾಗ, ಅದೇ ಕೆಮ್ಮು. ಕೃತಿಕಾ ಕಿವಿ ಮುಚ್ಚಿಕೊಂಡಳು.

ಆಮೇಲಿನ ಮೂಟೆಗೆ ಶಾಂತವೀರಪ್ಪ ಕೈ ಹಾಕಿದರು. ಮೂಸಿದರು. ತೂಗಿ, ಕೂಗದೆ, ಸುಮ್ಮನೆ ಬದಿಗಿಟ್ಟರು.

ಕೃತಿಕಾ ಜೀಪಿನಿಂದ ಹಾರಿದಳು.

"ಅದನ್ಯಾಕೆ ಕೂಗ್ಲಿಲ್ಲ? ನಮ್ಮಪ್ಪ ಬಿಸಿಲಲ್ಲಿ ಬೆಂದು ಒಣಗಿಸಿದ್ದು ಅದು! ಬೇಡ ಅಂದ್ರೆ ಬೇಡ ಅಂತ ಬಾಯ್ಬಿಟ್ಟು ಹೇಳಿ!"

"ಅಯ್ಯೋ ತಾಯೀ, ಬೇಡ ಅಂದೋರು ಯಾರು?" ಶಾಂತವೀರಪ್ಪ ನಕ್ಕರು. "ಇಡೀ ಲೋಡಲ್ಲಿ ಚೆನ್ನಾಗಿರೋದೇ ಅದು. ನಮ್ಮನೆ ಕಾಫಿಗೆ ಎತ್ತಿಟ್ಟೆ. ಮನೆಗೆ ಇಟ್ಕೊಳ್ಳೋದನ್ನ ಬೀದಿಗೆ ಕೇಳೋ ಹಂಗೆ ಕೂಗ್ತಾರಾ? ನಮ್ಮಪ್ಪನ ಕಾಲದಿಂದ್ಲೂ ಇದೇ ಪದ್ಧತಿ."

ಕೃತಿಕಾ ನಿಧಾನವಾಗಿ ತಿರುಗಿದಳು. ಹಿಂದೆ ಗೋಣಿದಾರ ಹಿಡಿದು ಶಶಿ ನಿಂತಿದ್ದ. ಕಿವಿ ಕೆಂಪಾಗಿತ್ತು. ಕಣ್ಣು ಜೀಪಿನಲ್ಲಿದ್ದ ಟ್ರಂಕಿನ ಮೇಲಿತ್ತು.

ಹಿರಿಯರಿಬ್ಬರೂ ಕಾಫಿಗೆಂದು ಒಳಗೆ ಹೋದರು.

"ಅವತ್ತು... ನೀನು..."

"ಬಾಯಿ ಬರ್ಲಿಲ್ಲ ಕಣೆ. ಎಲ್ಲರ ಮುಂದೆ ನಿನ್ನನ್ನ ಕೂಗೋಕೆ ಮನಸ್ಸಾಗ್ಲಿಲ್ಲ."

"ನಾನೇನು ಕಾಫಿ ಮೂಟೆನಾ? ಎತ್ತಿಟ್ಕೊಳ್ಳೋಕೆ ಮುಂಚೆ ಒಂದು ಮಾತು ಕೇಳೋದಲ್ವಾ? ಊರೋರ ದನಿಯೆಲ್ಲ ಬರುತ್ತೆ ನಿಂಗೆ. ನಿನ್ನ ದನಿ ಮಾತ್ರ ಬರಲ್ವಾ?"

ಅವನು ಬಾಯಿ ತೆರೆದ. ಅಪ್ಪನ ದನಿ ಬರಲಿಲ್ಲ, ರಂಗಮ್ಮನದೂ ಬರಲಿಲ್ಲ. ತೊದಲುವ, ಸಣ್ಣ ದನಿಯೊಂದು ಬಂತು.

"ಬನ್ ತಿಂತಾ ನಗ್ತಿದ್ಯಲ್ಲ... ಆ ಕೃತಿಕಾ ಬೇಕು ನಂಗೆ. ಮುಳ್ಳು ಎಲ್ಲಿಗಾದ್ರೂ ಹೋಗ್ಲಿ. ನಿಂಗೆ... ನಾನು ಬೇಕಾ?"

ಅವಳು ಕಣ್ಣೊರೆಸಿಕೊಂಡಳು. "ಹತ್ತು."

"ಎಲ್ಲಿಗೆ? ಜೀಪಿಗಾ?"

"ತಕ್ಕಡಿಗೆ!"

ಮೂಟೆ ತೂಗುವ ಹಲಗೆಯ ಮೇಲೆ ಶಶಿ ನಿಂತ. ಕೃತಿಕಾ ಬಾಗಿ ಮುಳ್ಳು ನೋಡಿದಳು. ಅವನನ್ನು ನೋಡಿದಳು.

"ಎಷ್ಟಿದೀನಿ?"

ಅವಳು ಅಂಗೈಯಿಂದ ಮುಳ್ಳು ಮುಚ್ಚಿದಳು.

"ಕೃತೀ... ಕೂಗೇ!"

"ಕೂಗಲ್ಲ ಹೋಗು. ಟ್ರಂಕು ಇಳಿಸು ಮೊದ್ಲು... ಹಸಿವಾಗ್ತಿದೆ ಮಾರಾಯ!"