ಪಕ್ಕೆಯ ಮೇಲಿನ ಕೈ

ಕೊಡಿಗೇಹಳ್ಳಿಯ ಗೌಹರ್ ಅವರು ಹೇಳಿದ್ದನ್ನು ಕೂಡಿಸದೆ, ಕಳೆಯದೆ ಬರೆಯುತ್ತಿದ್ದೇನೆ. ೧೯೭೯ರಲ್ಲಿ ಅವರು ಯಲಹಂಕದ ಪುಟ್ಟ ನರ್ಸಿಂಗ್ ಹೋಮ್ ಒಂದರಲ್ಲಿ ಹಗಲು ಪಾಳಿಯ ಏಕೈಕ ನರ್ಸ್ ಆಗಿದ್ದರು. ಒಂದು ಮಧ್ಯಾಹ್ನ ಕಾರ್ಖಾನೆಯ ಕೆಲಸಗಾರ ನಾಗಲಿಂಗಪ್ಪನವರು ಮೂತ್ರಪಿಂಡದ ಕಲ್ಲಿನ ನೋವಿನಿಂದ ಹೊರಳಾಡುತ್ತಿದ್ದರು. ಇಂಜೆಕ್ಷನ್ ಕೊಡಬೇಕಾದ ಡಾಕ್ಟರು ಇನ್ನೂ ಬಂದಿರಲಿಲ್ಲ. ಗೌಹರ್ ಒಳಗೆ ಹೋಗಿ ಬಿಸಿನೀರಿನ ಚೀಲ ತುಂಬಿ, ಮುಂಗೈಗೆ ತಾಗಿಸಿ ನೋಡಿ, ಟವೆಲಿನಲ್ಲಿ ಸುತ್ತಿ ತಂದರು.

ಅಷ್ಟರಲ್ಲಿ ನಾಗಲಿಂಗಪ್ಪನವರು ಗೋಡೆಯತ್ತ ಮುಖಮಾಡಿ ಸುಮ್ಮನೆ ಮಲಗಿದ್ದರು.

“ಅದು ಬ್ಯಾಡ್ರೀ ಸಿಸ್ಟರ್. ಈ ಅಕ್ಕಾರು ಪಕ್ಕೆ ಮ್ಯಾಲೆ ಕೈ ಇಟ್ಟಾರಲ್ಲ, ಬೆಚ್ಚಗೈತಿ. ನನ್ನ ಜೋಡಿ ಉಸಿರಾಡೋ ತಮ್ಮಾ, ಅಂತಾರ.”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ನಾಗಲಿಂಗಪ್ಪನವರ ಉಸಿರಿನ ಜೊತೆಗೆ ಮಂಚದ ಪಕ್ಕದಿಂದ ಇನ್ನೊಂದು ದೀರ್ಘ ಉಸಿರು ಕೇಳುತ್ತಿತ್ತು. ಪಕ್ಕೆ ಮುಟ್ಟಿ ನೋಡಿದರೆ ಅಂಗೈಯಗಲ ಬಿಸಿ, ಸುತ್ತೆಲ್ಲ ತಣ್ಣನೆಯ ಬೆವರು. ಹೆದರಿಸಿದರೆ ನೋವು ಮರಳೀತೆಂದು ಗೌಹರ್, “ಹೂಂ, ಅವ್ರು ಹೇಳ್ದಂಗೇ ಮಾಡಿ” ಎಂದರು.

ನಾಗಲಿಂಗಪ್ಪನವರಿಗೆ ನಿದ್ದೆ ಹತ್ತಿತು. ಅವರ ಉಸಿರು ಸಣ್ಣಗಾಯಿತು. ಮಂಚದ ಪಕ್ಕದ ಆ ದೀರ್ಘ ಉಸಿರು ಮಾತ್ರ ಹಾಗೆಯೇ ನಡೆದಿತ್ತು.

“ಇಷ್ಟು ಸಾಕು, ಅಮ್ಮಾ. ಅವ್ರಿಗೆ ನಿದ್ದೆ ಬಂತು. ನೀವೂ ಮಲ್ಕೊಳ್ಳಿ” ಎಂದರು ಗೌಹರ್.

ಆ ದೀರ್ಘ ಉಸಿರು ನಿಂತಿತು.