ಸಂಜೆ ನಾಲ್ಕು ಮೂವತ್ತೆರಡರ ಹಾಜರಿ

ಶುಕ್ರವಾರ ಮಧ್ಯಾಹ್ನ, ನವಲಿಯ ಭತ್ತದ ಗದ್ದೆ. ಅದರ ಅಂಚಿಗೆ ಪಂಪ್‌ಸೆಟ್ಟಿನ ಸಣ್ಣ ಕೋಣೆ. ಒಳಗೆ ಹಸಿ ನೆಲದ ಮೇಲೆ ಹುಡುಗನೊಬ್ಬ ಅಂಗಾತ ಬಿದ್ದಿದ್ದ. ಹತ್ತೊಂಬತ್ತರ ಆಸುಪಾಸು. ಬಲ ಅಂಗೈ ಸುಟ್ಟಿತ್ತು. ಪಕ್ಕದಲ್ಲಿ ಟೆಸ್ಟರ್. ಮೋಟರಿನ ಸ್ಟಾರ್ಟರ್ ಡಬ್ಬಿ ತೆರೆದಿತ್ತು. ಅದಕ್ಕೆ ಯಾರೋ ಕುಂಕುಮ ಹಚ್ಚಿ ಹೂವು ಸಿಕ್ಕಿಸಿದ್ದರು.

ಪಿಎಸ್‌ಐ ಶಿವಲೀಲಾಳ ಕಣ್ಣು ಹೊಸ್ತಿಲ ಹೊರಗಿದ್ದ ಚಪ್ಪಲಿಗಳ ಮೇಲೆ ನಿಂತಿತು. ಎರಡನ್ನೂ ಜೋಡಿಸಿ ಗೋಡೆಗೆ ಸರಿಸಿ ಇಟ್ಟಿದ್ದರು.

"ಕೇಬಲ್ ಕದಿಯಾಕ ಬಂದಾನ್ರಿ ಮೇಡಂ," ಎಂದ ಹೊಲದ ಮಾಲೀಕ ಪ್ರವೀಣಕುಮಾರ. "ತಾಮ್ರದ ಆಸೆಗೆ. ಈ ಸಲ ನಾಲ್ಕು ಮಂದಿ ಹೊಲದಾಗ ಕೇಬಲ್ ಹೋಗ್ಯಾವು."

"ಯಾರಿಂವ?"

"ಇವನ ಮುಖಾನ ನೋಡಿಲ್ರಿ ನಾ."

"ಯಾವಾಗ ನೋಡಿದ್ರಿ?"

"ಹನ್ನೆರಡಕ್ಕ. ಹನ್ನೊಂದಕ್ಕ ಬಂದು ಹೋದಾಗ ಇಲ್ಲಿ ಯಾರೂ ಇರ್ಲಿಲ್ರಿ."

ಹೆಡ್ ಕಾನ್‌ಸ್ಟೇಬಲ್ ಹುಚ್ಚೀರಪ್ಪ ಚಪ್ಪಲಿ ಕಡೆ ಕೈ ಮಾಡಿದ. "ಕುಂಕುಮ ನೋಡಿ ಬಿಟ್ಟಾನ್ರಿ. ಪೂಜಿ ಮಾಡಿದ ಮೋಟರ್ ಅಂತ. ಕಾಲಾಗ ಇದ್ದಿದ್ರ ಉಳಿತಿದ್ನೇನೋ."

ಕದಿಯಲು ಬಂದವನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾನೆಯೇ? ಎಂದುಕೊಂಡಳು ಶಿವಲೀಲಾ. ಹುಡುಗನ ಮೊಬೈಲಿನಲ್ಲಿ 'ಅವ್ವ' ಎಂದಿದ್ದ ನಂಬರಿಗೆ ಹುಚ್ಚೀರಪ್ಪ ಫೋನು ಹಚ್ಚಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನಿಗೆ ಇದೊಂದು ಕೆಲಸ ಮಾತ್ರ ಇನ್ನೂ ರೂಢಿಯಾಗಿರಲಿಲ್ಲ.

*

ಹುಡುಗನ ತಾಯಿ ಫಕೀರಮ್ಮ ಬೇವೂರಿನಿಂದ ಗಂಗಾವತಿಯ ಶವಾಗಾರಕ್ಕೆ ಎರಡು ಬಸ್ಸು ಬದಲಿಸಿ ಬಂದಳು. ಮಗನನ್ನು ನೋಡಿದಳು. ಕಿರುಚಲಿಲ್ಲ. ಅವನ ಕಾಲ ಕೆಸರನ್ನು ಸೆರಗಿನಿಂದ ಒರೆಸುತ್ತ ಕೂತಳು.

ಹುಚ್ಚೀರಪ್ಪ ಹೆಣದ ಬೆರಳಚ್ಚು ತೆಗೆಯಲು ಹೆಣಗುತ್ತಿದ್ದ. ಮೂರು ಸಲ ಮಸಿ ಹಚ್ಚಿದರೂ ಹಾಳೆಯ ಮೇಲೆ ಬರೀ ಕಪ್ಪು ಕಲೆ.

"ಅವನ ಬೆರಳು ಮೂಡಂಗಿಲ್ಲಪ್ಪಾ," ಎಂದಳು ಫಕೀರಮ್ಮ. "ರಜಾ ಬಂತಂದ್ರ ಗಾರೆ ಕೆಲಸಕ್ಕ ಹೋಗ್ತಿದ್ದ. ಸಿಮಿಟಿ ಎಲ್ಲಾ ತಿಂದೈತಿ. ರೇಷನ್ ಅಂಗಡ್ಯಾಗೂ ನನ್ನ ಬೆರಳ ಬೇಕು."

"ಹೆಸರೇನವ್ವಾ?"

"ಮಲ್ಲೇಶ. ಇಲ್ಲೇ ಐಟಿಐದಾಗ ಎಲೆಕ್ಟ್ರಿಷಿಯನ್, ಎರಡನೇ ವರ್ಷ. ನಿನ್ನೆ ಫೋನ್ ಮಾಡಿದ್ದ. ನಾಳೆ ಒಂದು ಕೆಲಸ ನಾ ಒಬ್ಬನ ಮಾಡಾಂವ ಅದೀನಿ ಬೇ ಅಂತ ಭಾಳ ಖುಷಿಲೆ ಹೇಳಿದ. ಮೇಡಮ್ಮಾರ, ಹೊರಗ ಮಂದಿ ಅವನ್ನ ಕಳ್ಳ ಅನ್ನಾಕತ್ತಾರ. ಸತ್ತದ್ದಂತೂ ಸತ್ತ. ಕಳ್ಳ ಅಂತ ಮಾತ್ರ ಬರಿಬ್ಯಾಡ್ರಿ. ಕಾಲೇಜಿನ್ಯಾಗ ಕೇಳ್ರಿ, ಅವ ಎಂಥಾಂವ ಅಂತ."

ಕೇಳುತ್ತೇನೆ ಎಂದು ಶಿವಲೀಲಾ ಮಾತು ಕೊಟ್ಟಳು. ಪೊಲೀಸರು ಹಾಗೆಲ್ಲ ಮಾತು ಕೊಡಬಾರದು. ಆ ಸೆರಗು ನೋಡಿ ಕೊಟ್ಟುಬಿಟ್ಟಳು.

*

ಶನಿವಾರ ಬೆಳಿಗ್ಗೆ ಕಾಲೇಜು ಕೊಟ್ಟ ಉತ್ತರ ಒಂದೇ ಹಾಳೆ. ಪ್ರವೇಶ ಪೋರ್ಟಲ್ಲಿನ ಪ್ರಿಂಟು. ಮಲ್ಲೇಶ, ಮೂರನೇ ತಾರೀಕಿನಿಂದ ಪ್ರವೇಶ ರದ್ದು. ಕಾರಣ, ಸ್ವಇಚ್ಛೆ.

"ನಮ್ಮ ಹುಡುಗ ಅಲ್ರಿ ಈಗ," ಎಂದರು ಪ್ರಾಚಾರ್ಯ ಪ್ರಭುರಾಜ, ಕೈತೊಳೆದುಕೊಂಡವರ ಗತ್ತಿನಲ್ಲಿ. "ಹದಿನೈದು ದಿನದ ಹಿಂದ ಬಿಟ್ಟಾನಂತ ರೆಕಾರ್ಡ್ ಹೇಳ್ತೈತಿ."

"ಈ ಸಾಲು ಪೋರ್ಟಲ್ಲಿನ್ಯಾಗ ಎಂದು ಬರೆದದ್ದು?"

ಪ್ರಾಚಾರ್ಯರು ಡೇಟಾ ಆಪರೇಟರ್ ವಾಹೀದನ ಕಡೆ ನೋಡಿದರು. ವಾಹೀದ ಎರಡು ಗುಂಡಿ ಒತ್ತಿದ. ಅವನ ಮುಖ ಬಿಳಿಚಿಕೊಂಡಿತು.

"ನಿನ್ನೆ, ಶುಕ್ರವಾರ. ಮಧ್ಯಾಹ್ನ ಎರಡು ಹತ್ತಕ್ಕ. ನನ್ನ ಲಾಗಿನ್ನಿಂದ್ರಿ."

ಹುಡುಗ ಸತ್ತ ಮೇಲೆ ಯಾರೋ ಅವನನ್ನು ಹದಿನೈದು ದಿನ ಹಿಂದಕ್ಕೆ ಕಾಲೇಜಿನಿಂದ ಹೊರಹಾಕಿದ್ದರು. ಹುಚ್ಚೀರಪ್ಪ ಆಗಲೇ ವಾಹೀದನ ಹೆಗಲಿಗೆ ಕೈ ಹಾಕಿದ್ದ.

"ನಾ ಅಲ್ರಿ ಮೇಡಂ. ನಿನ್ನೆ ಜುಮ್ಮಾ. ಒಂದಕ್ಕ ಮಸೀದಿಗೆ ಹೋದಾಂವ ಬಂದದ್ದು ಎರಡೂವರೆಗೆ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

ವಾಹೀದ ಕೀಬೋರ್ಡ್ ಎತ್ತಿ ತೋರಿಸಿದ. ಅಡಿಯಲ್ಲಿ ಚೀಟಿ ಅಂಟಿಸಿತ್ತು. ಬೀಗ ಹಾಕಿ ಕೀಲಿಯನ್ನು ಅದರ ಮೇಲೆಯೇ ತೂಗುಹಾಕುವುದು ನಮ್ಮ ಕಚೇರಿಗಳ ಹಳೇ ರೂಢಿ. ಪ್ರಾಚಾರ್ಯರ ಮೇಲೂ ಅನುಮಾನ ನಿಲ್ಲಲಿಲ್ಲ. ಶುಕ್ರವಾರ ಇಡೀ ದಿನ ಅವರು ಕೊಪ್ಪಳದ ಮೀಟಿಂಗಿನಲ್ಲಿದ್ದರು.

ಹೊರಗೆ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಎಲೆಕ್ಟ್ರಿಷಿಯನ್ ವಿಭಾಗದ ಪಂಪಾಪತಿ ಮಾಸ್ತರ ತಲೆ ತಗ್ಗಿಸಿ ಕೂತಿದ್ದರು. ಕಣ್ಣು ಕೆಂಪಾಗಿತ್ತು.

"ಭಾಳ ಛಲೋ ಹುಡುಗ್ರಿ. ಕೈಯಾಗ ಕೆಲಸ ಇತ್ತು. ಹದಿನೈದು ದಿನದ ಹಿಂದ ಯಾಕ ಬಿಟ್ಟನೋ ಗೊತ್ತಿಲ್ರಿ."

ಅವರ ಅಳು ನಿಜವಾದ ಅಳು ಎಂದು ಶಿವಲೀಲಾಗೆ ಅನ್ನಿಸಿತು. ಅದರಲ್ಲಿ ಅವಳು ತಪ್ಪಲಿಲ್ಲ.

*

ಕಾಲೇಜಿನ ಬಾಗಿಲ ಬಳಿ ಗೋಡೆಗೆ ಹಾಜರಿ ಯಂತ್ರವಿತ್ತು. ಬೆಳಿಗ್ಗೆ ಬಂದಾಗ, ಸಂಜೆ ಹೋಗುವಾಗ ಎಲ್ಲರೂ ನಂಬರ್ ಒತ್ತಿ ಬೆರಳಿಡಬೇಕು, ಮಾಸ್ತರರೂ ಹುಡುಗರೂ.

"ಪೋರ್ಟಲ್ಲಿನ್ಯಾಗ ಮಲ್ಲೇಶನ ಈ ತಿಂಗಳ ಹಾಜರಿ ಅಳಿಸ್ಯಾರ್ರಿ," ಎಂದ ವಾಹೀದ. "ಆದ್ರ ಯಂತ್ರಕ್ಕ ಅದರದ ನೆನಪಿರ್ತೈತಿ. ಪೆನ್‌ಡ್ರೈವ್ ಹಚ್ಚಿ ತೆಗೀಬೇಕು. ಇದು ಯಾರಿಗೂ ಗೊತ್ತಿಲ್ಲ."

ಪಟ್ಟಿ ಬಂತು. ಶಿವಲೀಲಾ ಶುಕ್ರವಾರದ ಸಾಲಿಗೆ ಬೆರಳಿಟ್ಟಳು. ಮಲ್ಲೇಶ, ಬೆಳಿಗ್ಗೆ ಒಂಬತ್ತು ಆರಕ್ಕೆ ಒಳಗೆ. ಅಂದರೆ ಶುಕ್ರವಾರದವರೆಗೂ ಅವನು ಕಾಲೇಜಿನ ಹುಡುಗನೇ. ಬೆರಳು ಮುಂದಕ್ಕೆ ಸರಿಯಿತು, ಅಲ್ಲೇ ನಿಂತಿತು. ಸಂಜೆ ನಾಲ್ಕು ಮೂವತ್ತೆರಡಕ್ಕೆ ಹೊರಗೆ.

"ಇದೇನ್ರಿ ಮೇಡಂ," ಎಂದ ಹುಚ್ಚೀರಪ್ಪ. "ನಾಲ್ಕೂವರೆಗೆ ಅವ ಶವಾಗಾರದಾಗ ಇದ್ದ. ನಾನ ಕಾವಲಿದ್ದೆ."

ಶಿವಲೀಲಾಗೆ ಸಿಮೆಂಟು ತಿಂದ ಬೆರಳು ನೆನಪಾಯಿತು. ಪೊಲೀಸರ ಮಸಿಗೂ ಮೂಡದ ಬೆರಳು ಈ ಯಂತ್ರಕ್ಕೆ ಎರಡು ವರ್ಷ ಹೇಗೆ ಮೂಡಿತು? ಅದು ಅವನ ಬೆರಳೇ ಅಲ್ಲ.

ಅವಳು ಆರು ತಿಂಗಳ ಪಟ್ಟಿ ಹರಡಿಕೊಂಡು ಕೂತಳು. ಮಲ್ಲೇಶನ ಹಾಜರಿಯ ಹಿಂದಿನ ನಿಮಿಷದಲ್ಲಿ ಪ್ರತಿದಿನ ಒಂದೇ ಹೆಸರು. ಆ ಹೆಸರಿನವರು ಜನವರಿಯಲ್ಲಿ ಮೂರು ದಿನ ರಜೆ ಹಾಕಿದ್ದರು. ಆ ಮೂರೂ ದಿನ ಮಲ್ಲೇಶ ಗೈರು. ಇಷ್ಟಾದ ಮೇಲೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೆ. ಆದರೂ ಅವಳಿಗೆ ಗೆದ್ದ ಖುಷಿಯಾಗಲಿಲ್ಲ.

*

ಸೋಮವಾರ ಯಂತ್ರದ ಮುಂದೆ ಶಿವಲೀಲಾ, ಹುಚ್ಚೀರಪ್ಪ, ಪ್ರಾಚಾರ್ಯರು, ವಾಹೀದ, ಪಂಪಾಪತಿ ಮಾಸ್ತರ ನಿಂತಿದ್ದರು. ಫಕೀರಮ್ಮ ಬಾಗಿಲಿಗೆ ಆತು ನಿಂತಿದ್ದಳು.

"ಮಾಸ್ತರ, ಮಲ್ಲೇಶನ ನಂಬರ್ ಒತ್ರಿ," ಎಂದಳು ಶಿವಲೀಲಾ. "ಒಂದೊಂದ ಬೆರಳು ಇಟ್ಟು ನೋಡೂಣು. ಹತ್ತ ಅದಾವಲ್ಲ."

ಪಂಪಾಪತಿ ಮಾಸ್ತರ ನಂಬರ್ ಒತ್ತಿದರು. ಬಲ ಹೆಬ್ಬೆರಳು ಇಟ್ಟರು. ಕೆಂಪು ದೀಪ. ತೋರುಬೆರಳು. ಮತ್ತೆ ಕೆಂಪು. ಆಮೇಲೆ ಅವರು ತಾವಾಗಿಯೇ ಎಡಗೈಯ ಕಿರುಬೆರಳು ಇಟ್ಟರು.

ಹಸಿರು ದೀಪ ಹತ್ತಿತು. ಪರದೆಯ ಮೇಲೆ ಮಲ್ಲೇಶನ ಫೋಟೋ ಬಂತು. ಪ್ರವೇಶದ ದಿನ ತೆಗೆದದ್ದು. ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಅಂಗಿ. ಫಕೀರಮ್ಮ ಹತ್ತಿರ ಬಂದು ನೋಡುವಷ್ಟರಲ್ಲಿ ಅದು ಆರಿಹೋಯಿತು.

"ಪ್ರವೀಣಕುಮಾರ ನಿಮಗೇನಾಗಬೇಕು?"

"ಹೆಂಡ್ತಿ ತಮ್ಮ್ರಿ." ಮಾಸ್ತರ ಗೋಡೆಗೆ ಒರಗಿದರು. "ಪ್ರವೇಶದ ದಿನ ಇವನ ಬೆರಳು ಯಂತ್ರ ಹಿಡೀಲಿಲ್ಲ. ಹಾಜರಿ ಇಲ್ಲಂದ್ರ ಪರೀಕ್ಷೆಗೆ ಕೂಡ್ಸಂಗಿಲ್ಲ. ಪಾಪ ಅಂತ ನನ್ನ ಕಿರುಬೆರಳು ಕೊಟ್ಟೆ. ಅಂದಿನಿಂದ ದಿನಾ ನನ್ನ ಹಾಜರಿ ಆದಮ್ಯಾಲೆ ಅವಂದು."

"ಶುಕ್ರವಾರ?"

"ಮೈದುನನ ಮೋಟರ್ ಕೆಟ್ಟಿತ್ತು. ನನಗ ಕ್ಲಾಸಿತ್ತು. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತೆಗೆದಾರ, ಕರೆಂಟ್ ಇಲ್ಲ, ಹೆದರಬ್ಯಾಡ, ಹೋಗಿ ನೋಡು ಅಂತ ಮಲ್ಲೇಶನ್ನ ಕಳಿಸಿದೆ. ಮೈದುನ ತೆಗೆದಿರ್ತಾನ ಅಂದ್ಕೊಂಡಿದ್ದೆ. ಅವ ತೆಗೆದಿರ್ಲಿಲ್ಲ. ಹನ್ನೆರಡಕ್ಕ ಅವನ ಫೋನ್ ಬಂತು, ಹಿಂಗಾಗೈತಿ, ಕಳ್ಳ ಅಂತ ಹೇಳ್ತೀನಿ, ನೀವು ಸುಮ್ಮನಿರ್ರಿ ಅಂದ. ಕಾಲೇಜಿನ ಹುಡುಗ ಅಂತಾದ್ರ, ಕಳಿಸಿದ್ಯಾರು ಅಂತ ಕೇಳ್ತಾರ. ಅದಕ್ಕ ಹೆಸರ ತೆಗೆದೆ."

"ಸಂಜಿ ಮತ್ತ ಅವನ ಹಾಜರಿ ಯಾಕ ಹಾಕಿದ್ರಿ?"

ಮಾಸ್ತರ ತಮ್ಮ ಕೈಯನ್ನೇ ನೋಡಿಕೊಂಡರು. "ಹಾಕಿದ್ದು ನನಗ ಗೊತ್ತಾಗಿಲ್ರಿ. ಮನಿಗೆ ಹೊಂಟಿದ್ದೆ. ಕೈ ತಾನ ಹೋಗಿರಬೇಕು."

ತಲೆ ಮರೆಯಬೇಕೆಂದದ್ದನ್ನು ಎರಡು ವರ್ಷದ ರೂಢಿ ಬಿದ್ದ ಕೈ ಮರೆತಿರಲಿಲ್ಲ. ಪೋರ್ಟಲ್ಲಿನಲ್ಲಿ ಹಾಜರಿ ಅಳಿಸಿದ ಮನುಷ್ಯ ಎರಡೂವರೆ ತಾಸಿನೊಳಗೆ ಅದೇ ಹುಡುಗನ ಹಾಜರಿ ಹಾಕಿ ಮನೆಗೆ ಹೋಗಿದ್ದ.

ಫಕೀರಮ್ಮ ಮೆಲ್ಲಗೆ ಕೇಳಿದಳು. "ಸರ, ಕರೆಂಟ್ ಇಲ್ಲ ಅಂತ ನೀವು ಹೇಳಿದ್ರಿ ಅಂತ ಅವ ಕೈ ಹಾಕಿದ್ನಾ?"

"ಹೂಂ, ಯವ್ವಾ."

"ನಿಮ್ಮ ಮಾತು ಮೀರ್ತಿರ್ಲಿಲ್ಲ ಅವ," ಎಂದಳು. ಅದರಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಒಳ್ಳೆಯದಾಗುತ್ತಿತ್ತು. ಹುಚ್ಚೀರಪ್ಪ ಅವರ ತೋಳು ಹಿಡಿದು ಜೀಪಿನ ಕಡೆ ನಡೆಸಿದ. ಪ್ರವೀಣಕುಮಾರನನ್ನು ಬೆಳಿಗ್ಗೆಯೇ ಠಾಣೆಗೆ ಕರೆತಂದಿದ್ದರು.

*

ವಾಹೀದ ಪೋರ್ಟಲ್ ತೆರೆದು ರದ್ದತಿಯನ್ನು ತೆಗೆದ. ಮಲ್ಲೇಶನ ಹೆಸರು ಪಟ್ಟಿಗೆ ಮರಳಿತು.

"ಈಗ ಅವ ಸಾಲಿ ಹುಡುಗ ಅಂತ ಐತೇನಪಾ?" ಫಕೀರಮ್ಮ ಕೇಳಿದಳು.

"ಐತಿ ಬೇ."

"ಕಳ್ಳ ಅಂತ ಎಲ್ಲೂ ಇಲ್ಲ?"

"ಎಲ್ಲೂ ಇಲ್ಲ ಯವ್ವಾ," ಎಂದಳು ಶಿವಲೀಲಾ. "ಮಾಸ್ತರ ಕಳಿಸಿದ್ದಕ್ಕ ಕೆಲಸಕ್ಕ ಹೋಗಿದ್ದ ಅಂತ ನಾನ ಬರಿತೀನಿ."

ವಾಹೀದ ಇನ್ನೂ ಕೂತೇ ಇದ್ದ. ಪರದೆಯ ಮೇಲೆ ಮತ್ತೊಂದು ಖಾನೆ ಖಾಲಿ ಉಳಿದಿತ್ತು. ವಿದ್ಯಾರ್ಥಿ ಈಗ ಇಲ್ಲವೆಂದರೆ ಕಾರಣ ತುಂಬಬೇಕು. ಅವನ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

"ಅಲ್ಲಿ ಏನ ಬರೀಬೇಕಪಾ?"

ವಾಹೀದ ಗುಂಡಿಯಿಂದ ಬೆರಳು ತೆಗೆದ. ಫಕೀರಮ್ಮಗೆ ತಿಳಿಯಿತು.

"ಬರಿಬೇಕಂದ್ರ ಬರಿ. ಖರೇನ ಐತಲ್ಲ." ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಇವತ್ತೊಂದ ದಿನ ಬ್ಯಾಡ. ಇವತ್ತೊಂದ ದಿನ ನನ್ನ ಮಗ ಸಾಲ್ಯಾಗ ಇರ್ಲಿ."

ವಾಹೀದ ಶಿವಲೀಲಾಳ ಮುಖ ನೋಡಿದ. ಅವಳು ಆಗಲಿ ಎಂದು ತಲೆಯಾಡಿಸಿದಳು. ಅವನು ಕಂಪ್ಯೂಟರ್ ಮುಚ್ಚಿದ. ಆ ದಿನ ಎಲೆಕ್ಟ್ರಿಷಿಯನ್ ಎರಡನೇ ವರ್ಷದ ಪಟ್ಟಿಯಲ್ಲಿ ಮಲ್ಲೇಶನದೂ ಸೇರಿ ಇಪ್ಪತ್ತು ಹೆಸರಿದ್ದವು.