ಅಚ್ಚಿನಲ್ಲೇ ಕೂತ ನಂಬರು

ದಿನಾಂಕ 12-3-2007, ಬೆಳಿಗ್ಗೆ ಹತ್ತೂವರೆ. ಅಂಗಡಿ ಇಟ್ಟು ಟೈಲರಿಂಗ್ ಕಲಿಸುವ ಸುಫಿಯಾ ಅಣ್ಣ ಅರ್ಷದ್ ಜೊತೆ ಕೆ.ಆರ್. ನಗರ ಠಾಣೆಗೆ ಬಂದಳು. ಬಸ್ಸಿನ ಹೊತ್ತು, ಕರೆಂಟು ಹೋಗುವ ಹೊತ್ತು ತಿಳಿಸುವ ಊರಿನ ವೆಬ್‌ಸೈಟಿನಲ್ಲಿ, ಪುಟದ ಕೆಳಗೆ ‘ಬೇಸರವೇ? ಕರೆ ಮಾಡಿ’ ಎಂದು ಅವಳ ಮೊಬೈಲ್ ನಂಬರು. ವಾರದಿಂದ ಫೋನೆತ್ತಿದರೆ ಬರೀ ಹೇಸಿಗೆ ಮಾತು.

"ಇನ್ನೆರಡು ದಿನ ನೋಡ್ತೀನಿ ಮೇಡಂ. ಆಮೇಲೆ ಇವಳ ಅಂಗಡಿಗೆ ಬೀಗ," ಎಂದ ಅರ್ಷದ್.

"ತಪ್ಪು ಮಾಡ್ದೋನು ಬೀದೀಲಿ ಓಡಾಡ್ಲಿ, ಬೀಗ ಇವಳಿಗಾ?"

ಪಿಎಸ್‌ಐ ವಿಮಲಮ್ಮನವರಿಗೆ ಪಿತ್ತ ನೆತ್ತಿಗೇರಿತ್ತು. ಐಪಿಸಿ 509ರಡಿ ಎಫ್‌ಐಆರ್ ದಾಖಲಾಯಿತು.

ವಿಮಲಮ್ಮ ಹೋಗಿ ಕೇಳಿದರೆ, ವೆಬ್‌ಸೈಟಿನ ಮಾಲೀಕ ಉಮಾಶಂಕರ ತನ್ನ ಸೈಬರ್ ಸೆಂಟರಿನಲ್ಲಿ ಕೂತಲ್ಲಿಂದಲೇ ಉತ್ತರಿಸಿದ.

"ದಿನಾ ಅಳಿಸ್ತೀನಿ ಕಣ್ರೀ. ಬೆಳಿಗ್ಗೆ ಐದಕ್ಕೆ ಕಂಪ್ಯೂಟರ್ರು ತಾನಾಗೇ ಹೊಸ ಪುಟ ಮಾಡ್ತದೆ, ಮತ್ತೆ ಬತ್ತದೆ. ಕಂಪ್ಯೂಟರ್ರನ್ನ ಅರೆಸ್ಟ್ ಮಾಡ್ತೀರಾ?"

"ನಿಮ್ಮಕ್ಕನ ನಂಬರಾಗಿದ್ರೂ ಇಂಗೇ ನಗಾಡ್ತಿದ್ರಾ?"

ಕಂಪ್ಯೂಟರ್ ಮೇಲೆ ಹಾಕಿದರೆ ಪಾಪವೆಲ್ಲ ತೊಳೆದುಹೋಗುತ್ತದೆಂದು ಇವರಿಗೆ ಯಾರು ಹೇಳಿಕೊಟ್ಟರೋ! ಯಾರ ಕೈವಾಡವೋ ನೋಡೇಬಿಡೋಣವೆಂದು, ಕಂಪ್ಯೂಟರ್ ಚಾಲೂ ಇಟ್ಟು, ಸಂಜೆಯೇ ಸೆಂಟರಿಗೆ ಬೀಗ ಹಾಕಿಸಿ ಮೊಹರು ಮಾಡಿಸಿದರು. ಬೀಗದ ಕೈ ಕಾನ್‌ಸ್ಟೆಬಲ್ ಬಸವರಾಜು ಜೇಬಿಗೆ ಹೋಯಿತು.

ಮರುದಿನ ಮೊಹರು ಹಾಗೇ ಇತ್ತು. ಹೊಸ ಪುಟದಲ್ಲಿ ನಂಬರೂ ಹಾಗೇ ಇತ್ತು.

"ನೋಡಿ, ಯಾರೂ ಮುಟ್ಟಿಲ್ಲ!" ಉಮಾಶಂಕರ ಗೆದ್ದವನಂತೆ ಬೀಗಿದ.

ಭೇರ್ಯದ ಆಲೆಮನೆಯಲ್ಲಿ ಬೆಳೆದ ವಿಮಲಮ್ಮನವರಿಗೆ ಅಷ್ಟೇ ಸಾಕಿತ್ತು. "ಅಚ್ಚಲ್ಲೇ ಕಸ ಕೂತಿದ್ರೆ ಬೆಲ್ಲ ಎತ್ತಿ ಬಿಸಾಕಿ ಏನ್ರೀ ಬಂತು? ದಿನಾ ಪುಟ ಉಯ್ಯೋ ಅಚ್ಚು ಯಾವುದು, ಅದನ್ನ ತೆಗೀರಿ."

ಪಂಚರ ಸಮಕ್ಷಮ ಆ ಅಚ್ಚನ್ನು, ಅಂದರೆ ಪುಟದ ಟೆಂಪ್ಲೇಟನ್ನು ತೆರೆಸಿದರು. ನಂಬರು ಅದರೊಳಗೇ ಕೂತಿತ್ತು. ಅದನ್ನು ಕೊನೆಗೆ ತಿದ್ದಿದ್ದು ಮಾರ್ಚ್ 4, ಭಾನುವಾರ. ಅಂದು ಉಮಾಶಂಕರ ಹುಣಸೂರಿನ ಮದುವೆಯಲ್ಲಿದ್ದ. ಸೆಂಟರಿನಲ್ಲಿದ್ದವನು ಆ ಟೆಂಪ್ಲೇಟ್ ಬರೆದ ಆಪರೇಟರ್ ಲಿಂಗರಾಜು ಒಬ್ಬನೇ. ಪಂಚನಾಮೆ ಬರೆದು ಕಂಪ್ಯೂಟರ್ ಜಪ್ತಿ ಮಾಡಿ, ಲಿಂಗರಾಜುವನ್ನು ಬಂಧಿಸಿದರು.

ಅರ್ಷದ್ ಕೊಂಡುತಂದಿದ್ದ ಹೊಸ ಬೀಗವನ್ನು ವಿಮಲಮ್ಮ ಕಸಿದು ತಮ್ಮ ಡ್ರಾಯರಿಗೆ ಹಾಕಿಕೊಂಡರು. "ಓಗಿ, ಅಂಗಡಿ ತೆಗೀರಿ."

ಲಿಂಗರಾಜು ಬಾಯಿಬಿಟ್ಟ. ಹಿಂದಿನ ತಿಂಗಳು ಪುಟದಲ್ಲಿ ಕರೆಂಟಿನ ಹೊತ್ತು ತಪ್ಪಾಗಿ ಬಂದು ಸುಫಿಯಾಳ ಒಂದು ದಿನದ ಕೆಲಸ ಕೆಟ್ಟಿತ್ತು. ‘ಇದನ್ನ ಬರೆದೋರಿಗೆ ಗಡಿಯಾರ ನೋಡೋಕೆ ಬರಲ್ವಾ?’ ಎಂದು ಅವಳು ತುಂಬಿದ ಸೆಂಟರಿನಲ್ಲಿ ಕೇಳಿದ್ದಳು. ಎಲ್ಲರೂ ಲಿಂಗರಾಜುವನ್ನು ನೋಡಿ ನಕ್ಕಿದ್ದರು. ಅಷ್ಟೇ.

"ಒಂದು ದಿನಕ್ಕೆ ಅಂತ ಆಕಿದ್ದೆ ಮೇಡಂ. ಆಮೇಲೆ ಅದೇ ಬತ್ತಿತ್ತು, ನಾನೇನೂ ಮಾಡ್ನಿಲ್ಲ."

"ಅವಳು ಅಳ್ತಾ ಸೆಂಟರಿಗೆ ಬಂದು ‘ತೆಗೀರಿ’ ಅಂದ್ಲಲ್ಲ, ಆಗ ಎಲ್ಲಿದ್ದೆ?"



"ಅಲ್ಲೇ, ಓನರ್ ಪಕ್ಕದ ಕುರ್ಚೀಲಿ."